ಆರನೇ ಮನೆಯ ಒಕ್ಕಲು

ಭಗವಂತ ದೊಡ್ಡ ದಯಾಳು. ಪ್ರತಿ ಮನುಷ್ಯನಿಗೂ ಇಬ್ಬರು ತಾತಂದಿರನ್ನು ಕೊಟ್ಟಿದ್ದಾನೆ. ಒಬ್ಬರ ವಿಷಯದಲ್ಲಿ ಸುಳ್ಳು ಹೇಳಿದರೂ ಇನ್ನೊಬ್ಬರ ವಿಷಯದಲ್ಲಿ ನಿಜ ಹೇಳಿಕೊಂಡು ಹೇಗೋ ಬದುಕಿಕೊಳ್ಳಲಿ ಎಂದು. ತೊರೆಬೀಡಿನ ಗಂಗಾಧರಯ್ಯನವರು ತಾಯಿಯ ಕಡೆಯ ತಾತನನ್ನು ಇದ್ದ ಹಾಗೇ ಬಿಟ್ಟಿದ್ದರು. ಆತ ನೊಣವಿನಕೆರೆ ಕಡೆಯವರು. ಎಮ್ಮೆ ಕಟ್ಟಿಕೊಂಡು, ಭಜನೆ ಮಾಡಿಕೊಂಡು, ಯಾರಿಗೂ ತೊಂದರೆ ಕೊಡದೆ ತೀರಿಕೊಂಡರು. ತಂದೆಯ ಕಡೆಯ ತಾತ ನಂಜಯ್ಯನವರನ್ನು ಮಾತ್ರ, ಅವರು ಸತ್ತು ಎಷ್ಟೋ ವರ್ಷಗಳಾದ ಮೇಲೆ, ಸ್ಟೇಷನ್ ಮಾಸ್ಟರ್ ಕೆಲಸಕ್ಕೆ ಸೇರಿಸಿದರು.

ಒಂದೇ ಸಲ ಸೇರಿಸಲಿಲ್ಲ. ತಿಪಟೂರಿನ ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು, “ತಮ್ಮ ಹಿರೀಕರು ಏನು ಮಾಡ್ಕೊಂಡಿದ್ರು?” ಎಂದು ಕೇಳಿದಾಗ, “ರೈಲ್ವೇಲಿದ್ರು” ಎಂಬ ಮಾತು ಹೋಳಿಗೆಯ ಜೊತೆಗೆ ಬಾಯಿಂದ ಜಾರಿತು. ಮುಂದಿನ ಮದುವೆಯಲ್ಲಿ ರೈಲ್ವೆಗೆ ಒಂದು ಸ್ಟೇಷನ್ ಸೇರಿತು. ಅದರ ಮುಂದಿನ ನಾಮಕರಣದಲ್ಲಿ ಸ್ಟೇಷನ್ನಿಗೆ ಮಾಸ್ಟರು ಬಂದರು. ಇಷ್ಟು ಬೇಗ ಬಡ್ತಿ ಸಿಕ್ಕ ನೌಕರ ರೈಲ್ವೆ ಇಲಾಖೆಯಲ್ಲಿ ಇನ್ನೊಬ್ಬನಿರಲಾರ.

ಇದಕ್ಕೆಲ್ಲ ಇದ್ದ ಸಣ್ಣ ಅಡ್ಡಿಯೆಂದರೆ ತೊರೆಬೀಡಿನಲ್ಲಿ ಸ್ಟೇಷನ್ ಇರಲಿಲ್ಲ. ಒಂದು ರೈಲ್ವೆ ಗೇಟು ಇತ್ತು. ಗೇಟಿನ ಪಕ್ಕದಲ್ಲಿ ಹಿಂದೆ ಕಂಬಿ ಕೆಲಸದವರಿಗೆಂದು ಕಟ್ಟಿಸಿದ ಆರು ಮನೆಗಳ ಕಲ್ಲಿನ ಸಾಲೊಂದು, ಜನ ಬಿಟ್ಟು ಎಷ್ಟೋ ಕಾಲವಾಗಿ, ಹುಣಸೆ ಮರದ ಕೆಳಗೆ ನಿಂತಿತ್ತು. ನಂಜಯ್ಯನವರು ಅದರ ಆರನೇ ಮನೆಯಲ್ಲಿ, ದೊಡ್ಡ ಹೊಗೆಗೂಡಿದ್ದ ಕೊನೆಯ ಮನೆಯಲ್ಲಿ, ಇದ್ದರೆಂದು ಗಂಗಾಧರಯ್ಯನವರ ವಾದ. “ಸ್ಟೇಷನ್ ದೂರದಲ್ಲಿತ್ತು. ಮಾಸ್ಟರು ನೆಮ್ಮದಿಗೆ ಇಲ್ಲಿದ್ರು” ಎನ್ನುತ್ತಿದ್ದರು. ನಡುಮನೆಯ ಗಾಜಿನ ಬೀರುವಿನಲ್ಲಿ ತಾತನ ಕಾಲದ ಹಸಿರು ಬಾವುಟವನ್ನೂ ಇಟ್ಟಿದ್ದರು. ಅದು ಅವರ ಹೆಂಡತಿ ನಿಂಗಮ್ಮನ ರವಿಕೆ ಕಣದಿಂದ ಕತ್ತರಿಸಿದ್ದೆಂದು ನಿಂಗಮ್ಮನಿಗೆ ಗೊತ್ತಿತ್ತು. ಆಕೆ ದಿನಾ ಅದರ ಧೂಳು ಒರೆಸುವಾಗ ನಿಟ್ಟುಸಿರು ಬಿಡುತ್ತಿದ್ದುದು ಭಕ್ತಿಯಿಂದಲ್ಲ.

ಹೋದ ವರ್ಷ ಹೊಸ ಮನೆ ಕಟ್ಟಿಸಿದರು. ಬಾಗಿಲ ಮೇಲೆ ಕರಿ ಗ್ರಾನೈಟಿನಲ್ಲಿ, ಚಿನ್ನದ ಬಣ್ಣದ ಅಕ್ಷರಗಳಲ್ಲಿ, “ಸ್ಟೇಷನ್ ಮಾಸ್ಟರ್ ನಿಲಯ” ಎಂದು ಕೆತ್ತಿಸಿದರು. ಗೃಹಪ್ರವೇಶಕ್ಕೆ ಬಂದ ಎದುರು ಮನೆಯ ಹುಚ್ಚರಂಗಯ್ಯ ತಲೆಯೆತ್ತಿ ಓದಿ, “ಟಿಕೇಟು ಎಲ್ಲಿ ಕೊಡ್ತೀಯಾ ಗಂಗಣ್ಣ, ಊಟಕ್ಕೆ ಮುಂಚೆಯೋ ಆಮೇಲೋ?” ಎಂದ. ಅಂದಿನಿಂದ ಗಂಗಾಧರಯ್ಯನವರಿಗೆ ಒಂದೇ ಹಂಬಲ. ಈ ಊರು, ಅದರಲ್ಲೂ ಈ ಹುಚ್ಚರಂಗಯ್ಯ, ಆ ಗ್ರಾನೈಟನ್ನು ಒಂದು ದಿನ ಬಾಯಿಬಿಟ್ಟು ಒಪ್ಪಬೇಕು.

ಹಂಬಲಿಸುವವರಿಗೆ ದೇವರು ಕೊಡುತ್ತಾನೆ. ಹೇಗೆ ಕೊಡುತ್ತಾನೆ ಎಂಬುದನ್ನು ಮಾತ್ರ ಮೊದಲೇ ಹೇಳುವುದಿಲ್ಲ.

ಅವರ ಮಗಳ ಮಗಳು ಕೃತಿಕಾ ತುಮಕೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಳು. ಹಳೆಯ ಜನಗಣತಿ ದಾಖಲೆಗಳನ್ನು ಹಿಡಿದು ರೈಲ್ವೆ ಕೆಲಸಗಾರರು ಎಲ್ಲೆಲ್ಲಿ ವಾಸವಿದ್ದರೆಂದು ಪತ್ತೆ ಮಾಡುವುದು ಅವಳ ಪ್ರಾಜೆಕ್ಟು. ಹುಟ್ಟಿದಾಗಿನಿಂದ ಮಾಸ್ಟರ ಕಥೆ ಕೇಳಿ ಬೆಳೆದವಳು ಬೇರೆ ಯಾವ ವಿಷಯ ತೆಗೆದುಕೊಂಡಾಳು? ಯಾವುದೋ ಗ್ರಂಥಾಲಯದ ಹಳೆಯ ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡು ಒಂದು ಬೆಳಿಗ್ಗೆ ಬಸ್ಸಿಳಿದಳು.

“ತಾತ, ನಮ್ಮೂರು ಸಿಕ್ತು.”

ಗಂಗಾಧರಯ್ಯನವರು ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡರು. “ಹೆಸರು ಹೆಂಗೆ ಹಾಕವ್ರೆ? ನಂಜಯ್ಯ ಅಂತಲೋ, ನಂಜಯ್ಯನವರು ಅಂತಲೋ?”

“ಹೆಸರು ಹಾಕಲ್ಲ ತಾತ. ಗಣತೀಲಿ ಅಚ್ಚಾಗೋದು ಬರೀ ಲೆಕ್ಕ. ನೋಡಿ, ತೊರೆಬೀಡು, ರೈಲ್ವೆ ವಸತಿ. ಮನೆ ಆರು. ಜನ ಇರೋ ಮನೆ ಐದು. ಒಟ್ಟು ಜನ ಹತ್ತೊಂಬತ್ತು.”

“ಆ ಹತ್ತೊಂಬತ್ತರಲ್ಲಿ ನಮ್ಮೋರು ಒಬ್ಬರು. ಬರ್ಕೊ.”

“ಹೆಂಗ್ ಬರ್ಕೊಳ್ಳಿ? ನೀವು ಯಾವಾಗ್ಲೂ ಆರನೇ ಮನೆ ಅಂತೀರ. ಇಲ್ಲಿ ಕೆಳಗೆ ಟಿಪ್ಪಣಿ ಐತೆ, ಕೊನೆಯ ಮನೆ ಖಾಲಿ ಅಂತ.”

ಗಂಗಾಧರಯ್ಯನವರ ಜಾಗದಲ್ಲಿ ಬೇರೆಯವರಿದ್ದಿದ್ದರೆ ಗಲಿಬಿಲಿಗೊಳ್ಳುತ್ತಿದ್ದರು. “ಸ್ಟೇಷನ್ ಮಾಸ್ಟರ್ ಅಂದ್ರೆ ಏನು ಅಂದ್ಕೊಂಡಿದೀಯ ಮಗ? ಗಣತಿಯೋರು ಬತ್ತಾರೆ ಅಂತ ಜಗಲಿ ಮೇಲೆ ಕೂತಿರ್ತಾರಾ? ಡ್ಯೂಟಿ ಮೇಲೆ ಹೊರಗಿರ್ತಾರೆ.”

“ಅವರ ಹೆಂಡ್ತಿ ಮಕ್ಕಳು?”

“ಅವರೂ ಡ್ಯೂಟಿ ಮೇಲೆ.”

ಅಡಿಗೆಮನೆಯಿಂದ ನಿಂಗಮ್ಮನ ದನಿ ಬಂತು. “ಆ ಕೂಸಿಗೆ ಕೊಬ್ಬರಿ ವಿಚಾರ ಹೇಳ್ರಿ. ಪಾಪ, ಪರೀಕ್ಷೇಲಿ ಸುಳ್ಳು ಬರ್ದು ಬಂದೀತು.”

“ನೀನು ಸುಮ್ಕಿರೇ.”

ನಿಂಗಮ್ಮ ಸುಮ್ಮನಿರಲಿಲ್ಲ. ಸೌಟು ಹಿಡಿದುಕೊಂಡೇ ಬಂದು ಮೊಮ್ಮಗಳ ಪಕ್ಕ ಕೂತಳು. “ನಮ್ಮತ್ತೆ ಹೇಳೋರು ಕಣೇ. ನಿಮ್ಮ ಮುತ್ತಾತಂದಿರಿಗೆ ತೋಟ ದೊಡ್ದು, ಮನೆ ಚಿಕ್ಕದು. ಕಾಯಿ ಒಣಗಿ ಕೊಬ್ಬರಿ ಆಗ್ಬೇಕಾದ್ರೆ ಒಂದೊರ್ಸ ಅಟ್ಟದ ಮೇಲಿರ್ಬೇಕಲ್ಲ, ಅಟ್ಟ ಎಲ್ಲೈತೆ? ಈ ರೈಲ್ವೆ ಸಾಲಲ್ಲಿ ಕೊನೇ ಮನೆ ಖಾಲಿ ಬಿದ್ದಿತ್ತು. ಕಂಬಿ ಕೆಲಸದೋರಿಗೆ ವಾರಕ್ಕಿಷ್ಟು ಎಳನೀರು ಕೊಟ್ಟು ಅದರ ಅಟ್ಟದ ತುಂಬ ಕಾಯಿ ಪೇರಿಸ್ಬುಟ್ರು. ಸರ್ಕಾರಕ್ಕೆ ಗೊತ್ತಾಗ್ಲಿಲ್ಲ, ಕೊಬ್ಬರಿ ಆಯ್ತು. ಅಷ್ಟೇ ನಿಮ್ಮ ಸ್ಟೇಷನ್ನು, ಅಷ್ಟೇ ನಿಮ್ಮ ಮಾಸ್ಟರು.”

ಕೃತಿಕಾಳ ಕಣ್ಣು ಹೊಳೆಯಿತು. “ಅಜ್ಜಿ, ಇದು ಸ್ಟೇಷನ್ ಮಾಸ್ಟರಿಗಿಂತ ಚೆನ್ನಾಗೈತೆ. ಇದನ್ನೇ ಬರೀತೀನಿ.”

“ಬರೆದ್ರೆ ಈ ಮನೆ ಹೊಸಲು ತುಳೀಬ್ಯಾಡ” ಎಂದರು ಗಂಗಾಧರಯ್ಯನವರು. ಹಾಗೆಂದವರು ಮೊಮ್ಮಗಳ ಮೊಬೈಲಿನಿಂದ ಆ ಪುಟವನ್ನು ತಮ್ಮ ಮೊಬೈಲಿಗೆ ಕಳಿಸಿಕೊಂಡರು. ಖಾಲಿ ಎಂಬ ಟಿಪ್ಪಣಿಯ ಮೇಲೆ ಹೆಬ್ಬೆರಳಿಟ್ಟರೆ ಉಳಿದದ್ದೆಲ್ಲ ಬಹಳ ಮರ್ಯಾದಸ್ಥವಾಗಿ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಊರಿಗೆ ಊರೇ ಆ ಹೆಬ್ಬೆರಳಿನ ದರ್ಶನ ಪಡೆಯಿತು. “ಸರ್ಕಾರದ ಪುಸ್ತಕ ಕಣ್ರಪ್ಪ. ನೋಡ್ಕೊಳಿ. ಗೇಟಿನ ಸಾಲುಮನೆ. ನಮ್ಮ ತಾತ ಅವ್ರೆ ಇದರೊಳಗೆ.”

ಹುಚ್ಚರಂಗಯ್ಯ ಕಣ್ಣು ಕಿರಿದು ಮಾಡಿ ನೋಡಿದ. “ಹೆಸರೆಲ್ಲಿ?”

“ದೊಡ್ಡೋರ ಹೆಸರು ಹಾಕಲ್ಲ. ಜನ ಹತ್ತೊಂಬತ್ತು ಅಂತ ಐತಲ್ಲ.”

“ಹೆಸರಿಲ್ಲದ ಮೇಲೆ ಆ ಹತ್ತೊಂಬತ್ತರಲ್ಲಿ ನಮ್ಮಜ್ಜಿನೂ ಇರಬೋದಲ್ಲ?” ಎಂದ ಹುಚ್ಚರಂಗಯ್ಯ. ಕೀಟಲೆಗೆ ಅಂದದ್ದು. ಆದರೆ ಹಾಲು ಅಳೆಯುತ್ತಿದ್ದ ಚಿಕ್ಕಗಂಗಮ್ಮ ಅಳೆಯುವುದನ್ನೇ ನಿಲ್ಲಿಸಿದಳು. ತುಮಕೂರಿನ ಹುಡುಗಿಯೊಬ್ಬಳು ಬಸ್ಸಿಗೆ ದುಡ್ಡು ಹಾಕಿಕೊಂಡು ಬಂದು ಪಾಳು ಮನೆಗಳ ಫೋಟೊ ಹಿಡಿಯುತ್ತಾಳೆಂದರೆ ಸುಮ್ಮನೆ ಹಿಡಿದಾಳೆ? ಗೇಟು ತೆಗೆದು ಕೆಳಸೇತುವೆ ಮಾಡುತ್ತಾರೆಂಬ ಸುದ್ದಿ ಬೇರೆ ಇತ್ತು. ಸಾಲುಮನೆಯವರ ಮೊಮ್ಮಕ್ಕಳಿಗೆ ರೈಲ್ವೆಯವರು ಒಂದೊಂದು ಕೆಲಸ ಕೊಡುತ್ತಾರೆ ಎಂದು ಡೈರಿ ಮುಚ್ಚುವುದರೊಳಗೆ ಗೊತ್ತಾಯಿತು. ಯಾರು ಹೇಳಿದರೆಂದು ಯಾರೂ ಕೇಳಲಿಲ್ಲ. ಒಳ್ಳೆಯ ಸುದ್ದಿಗೆ ತಂದೆತಾಯಿಯನ್ನು ಕೇಳುವುದು ಆ ಊರಿನ ಪದ್ಧತಿಯಲ್ಲ.

ಆ ವಾರ ತೊರೆಬೀಡಿನಲ್ಲಿ ಸತ್ತವರೆಲ್ಲ ಮನೆ ಬದಲಾಯಿಸಿದರು. ಜನ್ಮದಲ್ಲಿ ರೈಲು ಹತ್ತದ ಹಿರಿಯರು ಕಂಬಿ ತಿದ್ದಿದರು, ಸಿಗ್ನಲ್ ಹಚ್ಚಿದರು, ಒಬ್ಬರಂತೂ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದರು. ಚಿಕ್ಕಗಂಗಮ್ಮನ ಅಜ್ಜ ಮೂರನೇ ಮನೆ. ಡೈರಿ ಕಾರ್ಯದರ್ಶಿ ಗಂಗರಾಜುವಿನ ಅಜ್ಜನೂ ಮೂರನೇ ಮನೆ. ಇಬ್ಬರೂ ಆ ಬಾಗಿಲಲ್ಲಿ ನಿಂತು ಜಗಳವಾಡಿ, ಕೊನೆಗೆ ಅಜ್ಜಂದಿರ ನಡುವೆ ಒಂದು ಗೋಡೆ ಹಾಕುವ ಮಾತಿಗೆ ರಾಜಿಯಾದರು. ಹುಚ್ಚರಂಗಯ್ಯ ತಮಾಷೆಗೆ ಹುಟ್ಟಿಸಿದ ಅಜ್ಜಿಗೆ ಈಗ ನಿಜವಾಗಿಯೇ ಒಂದನೇ ಮನೆಯಲ್ಲಿ ಹೆರಿಗೆ, ಬಾಣಂತನ ಮಾಡಿಸಿದ. ಹತ್ತೊಂಬತ್ತು ಜನ ಮಲಗಿದ್ದ ಆ ಸಾಲಿನಲ್ಲಿ ಈಗ ಊರಿನ ಪಿತೃಗಳೆಲ್ಲ ಕಾಲು ಚಾಚಲು ಜಾಗವಿಲ್ಲದೆ ಒರಗಿಕೊಂಡಿದ್ದರು.

ಗಂಗಾಧರಯ್ಯನವರಿಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಒಬ್ಬರೇ ಕಷ್ಟಪಟ್ಟು ಹೇಳಿದ ಸುಳ್ಳನ್ನು ಎಲ್ಲರೂ ಪುಕ್ಕಟೆ ಎತ್ತಿಕೊಂಡು ಹೋಗುತ್ತಿದ್ದರು.

“ಎಲ್ಲರೂ ರೈಲ್ವೆಯೋರೇ ಆದ್ರೆ ತೋಟಕ್ಕೆ ನೀರು ಕಟ್ಟಿದ್ದು ಯಾರು ಹಂಗಾದ್ರೆ?” ಎಂದು ಹೆಂಡತಿಯ ಮುಂದೆ ಕೂಗಾಡಿದರು.

“ನೀರು ಕಟ್ಟೋಕೆ ಇದ್ದೋರೊಬ್ಬರೇ ನಿಮ್ಮ ತಾತ. ಪಾಪ, ಅವರೂ ಅಟ್ಟ ಹತ್ತುಬುಟ್ರು” ಎಂದಳು ನಿಂಗಮ್ಮ.

ಅಷ್ಟರಲ್ಲಿ ರೈಲ್ವೆಯ ಇಂಜಿನಿಯರು ಭೀಮರಾಜು ಜೀಪಿನಲ್ಲಿ ಬಂದಿಳಿದ. ಕೆಳಸೇತುವೆಯ ಅಳತೆಗೆ ಬಂದಿದ್ದ ಆತನಿಗೆ, ಹುಣಸೆ ಮರದ ಕೆಳಗೆ ಊರಿಗೆ ಊರೇ ಹೊಸ ಬಟ್ಟೆ ಹಾಕಿಕೊಂಡು, ಆಧಾರ್ ಕಾರ್ಡು ಹಿಡಿದುಕೊಂಡು ನಿಂತಿದ್ದು ಕಂಡು ಕಣ್ಣು ತುಂಬಿ ಬಂತು. ಇಷ್ಟು ಗೌರವ ಆತನಿಗೆ ಸ್ವಂತ ಮದುವೆಯಲ್ಲೂ ಸಿಕ್ಕಿರಲಿಲ್ಲ.

“ಎಲ್ಲ ಬಂದಿದೀರ, ಸಂತೋಷ. ಈ ಸಾಲುಮನೆಗೆ ಸಂಬಂಧಪಟ್ಟೋರು ಯಾರ್ಯಾರು?”

ಎತ್ತದ ಕೈಯಿರಲಿಲ್ಲ. ಗಂಗಾಧರಯ್ಯನವರು ಎರಡೂ ಕೈ ಎತ್ತಿದರು.

“ಒಳ್ಳೇದಾಯ್ತು,” ಎಂದ ಭೀಮರಾಜು, “ನನಗೊಂದು ತಲೆನೋವು ಕಳೀತು. ನಾಳೆ ಇದನ್ನೆಲ್ಲ ಒಡೀಬೇಕು. ಆದ್ರೆ ಜೆಸಿಬಿಯೋನು ಆ ಅಮ್ಮನ್ನ ಮುಟ್ಟಲ್ಲ ಅಂತಾನೆ. ನಿಮ್ಮ ಅಮ್ಮನ್ನ ನೀವು ಎತ್ಕೊಂಡು ಹೋಗ್ಬುಡಿ.”

ಎಲ್ಲರ ಕಣ್ಣೂ ಹುಣಸೆಯ ಬುಡಕ್ಕೆ ತಿರುಗಿತು. ಅಲ್ಲಿ ಕಂಬಿಯಮ್ಮ ಇದ್ದಳು. ಕೆಲಸದವರನ್ನು ಕರೆಯಲು ಹಿಂದೆ ಗಂಟೆಯಂತೆ ಬಾರಿಸುತ್ತಿದ್ದ ರೈಲುಕಂಬಿಯ ತುಂಡು ಅದು. ಅವರು ಬಿಟ್ಟುಹೋದ ಮೇಲೆ ಯಾರೋ ಪುಣ್ಯಾತ್ಮರು ನೆಲದಲ್ಲಿ ನೆಟ್ಟು ಅರಿಶಿನ ಕುಂಕುಮ ಇಟ್ಟಿದ್ದರು. ಕಲ್ಲಿನಲ್ಲಿ ಕೂರುವ ತಾಯಿ ಕಬ್ಬಿಣದಲ್ಲಿ ಕೂರಬಾರದೆಂದೇನೂ ಇಲ್ಲ. ಕಂಡಾಗ ಕೈ ಮುಗಿಯುವುದು ಕ್ಷೇಮ. ಊರಿನವರೂ ದೂರದಿಂದ ಮುಗಿಯುತ್ತಿದ್ದರು. ಹತ್ತಿರ ಹೋಗಿ ನಡೆದುಕೊಳ್ಳುವ ಕೆಲಸವನ್ನು ಪಕ್ಕದ ಹಟ್ಟಿಯ ಪೂಜಾರಿ ಕ್ಯಾತಣ್ಣನಿಗೆ ಬಿಟ್ಟಿದ್ದರು.

ಕ್ಯಾತಣ್ಣನಿಗೆ ಕರೆ ಹೋಯಿತು. ಅವನು ಕುರಿಗಳನ್ನು ಮಗನಿಗೆ ಒಪ್ಪಿಸಿ, ಕಂಬಳಿ ಕೊಡವಿಕೊಂಡು ಬಂದು, ಅಮ್ಮನ ಮುಂದೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ. ಆಮೇಲೆ ಹೇಳಿದ:

“ಅಮ್ಮನ್ನ ಸಿಕ್ಕಸಿಕ್ಕೋರು ಎತ್ತಂಗಿಲ್ಲ ಕಣ್ರಪ್ಪ. ಅವಳ ಒಕ್ಕಲು ಎತ್ತಬೇಕು. ಈ ಸಾಲುಮನೇಲಿ ಯಾರ ಮನೆ ಒಲೆ ಉರಿದಿತ್ತೋ ಅವರೇ ಒಕ್ಕಲು. ತಲೆ ಮೇಲೆ ಹೊತ್ಕೊಂಡು ಹೋಗಿ ಅವರ ಮನೆ ಮುಂದೇನೇ ನಿಲ್ಲಿಸ್ಬೇಕು. ವರ್ಸಾ ವರ್ಸಾ ಅಮ್ಮನ ಹೆಸರಲ್ಲಿ ಪರ ಮಾಡಿ ಊರಿಗೆಲ್ಲ ಎಲೆ ಹಾಕಿ ಉಣ್ಣಿಸ್ಬೇಕು. ಅವರಾದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಮೊಮ್ಮಕ್ಕಳು. ತಪ್ಪಂಗಿಲ್ಲ.”

“ಕೆಲಸದ ವಿಚಾರ?” ಎಂದು ಗಂಗರಾಜು ಭೀಮರಾಜುವಿನ ಕಡೆ ನೋಡಿದ.

“ಯಾವ ಕೆಲಸ? ಇದೇ ಕೆಲಸ” ಎಂದ ಭೀಮರಾಜು.

ಮೊದಲು ಕೆಳಗಿಳಿದದ್ದು ಚಿಕ್ಕಗಂಗಮ್ಮನ ಕೈ. “ನಮ್ಮಜ್ಜ ದಬ್ಬೇಘಟ್ಟದ ಕಡೆಯೋನು ಸ್ವಾಮಿ. ರೈಲು ಕಂಡ್ರೆ ಭಯ ಬೀಳೋನು.”

“ನಮ್ಮಜ್ಜ ಇವಳಜ್ಜನ ಜೊತೇಲೇ ಇದ್ದ” ಎಂದ ಗಂಗರಾಜು.

ಹುಚ್ಚರಂಗಯ್ಯ ನಿಧಾನವಾಗಿ ಎಲೆಯಡಿಕೆ ಉಗಿದು ಬಂದ. “ನಮ್ಮಜ್ಜಿ ಚಿಕ್ಕನಾಯಕನಹಳ್ಳಿ ಸೀಮೆ. ನಾವೆಲ್ಲ ಸುಮ್ಮನೆ ಬಾಯಿ ಚಪಲಕ್ಕೆ ಅಂದದ್ದು, ತಾಯಿ ಮುಂದೆ ಸುಳ್ಳು ಹೇಳಬಾರದು. ಈ ಸಾಲಲ್ಲಿದ್ದಿದ್ದು ಒಂದೇ ಮನೆತನ. ನಮ್ಮ ಗಂಗಣ್ಣನದು. ಮಾಸ್ಟರ್ ನಂಜಯ್ಯನೋರು ಅಂದ್ರೆ ಏನು ಸಾಮಾನ್ಯವಾ? ಇಡೀ ಆರು ಮನೆನೂ ಅವರೇ ಇಟ್ಕೊಂಡಿದ್ರು. ಬೇಕಾದ್ರೆ ಅವರ ಬಾಗಿಲ ಮೇಲೆ ಗ್ರಾನೈಟಲ್ಲಿ ಬರೆದೈತೆ ನೋಡ್ಕೊಳಿ ಸ್ವಾಮಿ.”

ಊರು ಒಕ್ಕೊರಲಿನಿಂದ ಹೌದೆಂದಿತು. ಗಂಗಾಧರಯ್ಯನವರು ಇಷ್ಟು ವರ್ಷ ಕಾದಿದ್ದ ಗಳಿಗೆ ಬಂದೇ ಬಿಟ್ಟಿತ್ತು. ಇಡೀ ತೊರೆಬೀಡು, ಅದರಲ್ಲೂ ಹುಚ್ಚರಂಗಯ್ಯ, ಸರ್ಕಾರಿ ಅಧಿಕಾರಿಯ ಎದುರಿಗೆ, ದೇವರ ಸಾಕ್ಷಿಯಾಗಿ, ಆ ಗ್ರಾನೈಟನ್ನು ಒಪ್ಪಿತ್ತು. ಅವರ ಎರಡೂ ಕೈ ಇನ್ನೂ ಮೇಲೇ ಇದ್ದವು.

ಕೈ ಇಳಿಸಿಕೊಂಡು ಅವರು ಬೆವರು ಒರೆಸಿದರು. ಒಂದು ಕಡೆ ಮನೆತನದ ಮರ್ಯಾದೆ. ಇನ್ನೊಂದು ಕಡೆ ಆಳೆತ್ತರದ ಕಬ್ಬಿಣ, ಮೊಮ್ಮಕ್ಕಳ ಕಾಲದವರೆಗೂ ಊರಿಗೆಲ್ಲ ಊಟ. ಕಬ್ಬಿಣ ಗೆದ್ದಿತು. “ಮಗಾ, ಕೃತಿಕಾ,” ಎಂದು, ಸಾಲುಮನೆಯ ಫೋಟೊ ಹಿಡಿಯುತ್ತಿದ್ದ ಮೊಮ್ಮಗಳನ್ನು ಬಾಡಿದ ದನಿಯಲ್ಲಿ ಕರೆದರು, “ಆ ಪುಸ್ತಕದ್ದು ಓದಿ ಹೇಳು. ಕೆಳಗಡೇದು. ಆ ಟಿಪ್ಪಣಿ.”

ಕೃತಿಕಾ ಓದಿದಳು. “ಕೊನೆಯ ಮನೆ ಖಾಲಿ.”

“ಕೇಳಿದ್ರಲ್ಲ,” ಎಂದರು ಗಂಗಾಧರಯ್ಯನವರು. “ನಮ್ಮ ತಾತ ಅಲ್ಲಿರಲೇ ಇಲ್ಲ. ಸ್ಟೇಷನ್ನೂ ಇಲ್ಲ, ಮಾಸ್ಟರೂ ಇಲ್ಲ. ಖಾಲಿ ಅಟ್ಟ ಸಿಕ್ತು ಅಂತ ಕಾಯಿ ತುಂಬಿದ್ರು. ಬರೀ ಕೊಬ್ಬರಿ ಸ್ವಾಮಿ. ಕೊಬ್ಬರಿ ಬುಟ್ರೆ ಇನ್ನೇನಿಲ್ಲ.”

ಗಂಡ ಹುಣಸೆ ಮರದ ಕೆಳಗೆ, ನಾಲ್ಕು ಜನರೆದುರು, ನಿಜ ಹೇಳಿದ್ದನ್ನು ನಿಂಗಮ್ಮ ಬದುಕಿನಲ್ಲಿ ಮೊದಲ ಸಲ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕ್ಯಾತಣ್ಣ ತಲೆ ಕೆರೆದುಕೊಂಡ. “ಹಂಗಾದ್ರೆ ಕಾಯಿ ಅಟ್ಟದ ಮೇಲಿತ್ತು.”

“ಇತ್ತು.”

“ಕೊಬ್ಬರಿ ಚೆನ್ನಾಗಿ ಆಗ್ತಿತ್ತಾ ಯಜಮಾನ್ರೇ? ಗಿಟುಕು ಗಟ್ಟಿಯಾಗಿ?”

ಇಲ್ಲಿ ಗಂಗಾಧರಯ್ಯನವರು ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದರು. ಆದರೆ ತಿಪಟೂರು ಸೀಮೆಯಲ್ಲಿ ಹುಟ್ಟಿದವನ ಮುಂದೆ ಅವನ ಮನೆಯ ಕೊಬ್ಬರಿಯನ್ನು ಅನುಮಾನಿಸಿ ನೋಡಿ; ತಾತನನ್ನು ಬಿಟ್ಟುಕೊಟ್ಟಾನು, ಕೊಬ್ಬರಿಯನ್ನು ಬಿಟ್ಟುಕೊಡಲಾರ. “ಚೆನ್ನಾಗೇನು? ಅಲ್ಲಾಡಿಸಿದ್ರೆ ಒಳಗೆ ಗಿಟುಕು ಗಂಟೆ ಬಾರಿಸ್ದಂಗೆ ಬಾರಿಸೋದಂತೆ. ಒಂದು ಕಾಯಿ ಕೊಳೀಲಿಲ್ಲ. ತಿಪಟೂರು ಮಾರ್ಕೆಟ್ಟಲ್ಲಿ ನಂಜಯ್ಯನ ಕೊಬ್ಬರಿ ಅಂದ್ರೆ ಬೇರೆ ರಾಶಿ ಹಾಕೋರು.”

“ಅಷ್ಟು ಚೆನ್ನಾಗಿ ಆಗ್ಬೇಕಾದ್ರೆ ಕೆಳಗೆ ಹೊಗೆ ಬೇಕಲ್ಲ?”

“ಬೇಕೇ ಬೇಕು. ನಮ್ಮ ತಾತ ದಿನಾ ಸಾಯಂಕಾಲ ಹೋಗಿ ಮಟ್ಟೆ ಹಾಕಿ ಬರೋರು…” ಎಂದವರು ಅಲ್ಲಿಗೇ ನಿಂತರು.

“ಮಟ್ಟೆ ಹಾಕಿದ್ದು ಒಲೆಗೆ,” ಎಂದ ಕ್ಯಾತಣ್ಣ ಸಮಾಧಾನವಾಗಿ. “ದಿನಾ ಒಲೆ ಉರೀತು. ಒಕ್ಕಲು ಇನ್ನು ಬೇರೆ ಯಾರು ಹೇಳಿ.”

ಹುಚ್ಚರಂಗಯ್ಯನೇ ಮುಂದೆ ಬಂದು, ತನ್ನ ಟವೆಲನ್ನು ಸುತ್ತಿ ಸಿಂಬೆ ಮಾಡಿ, ಗೆಳೆಯನ ತಲೆಯ ಮೇಲೆ ಪ್ರೀತಿಯಿಂದ ಇಟ್ಟ.

ಕಂಬಿಯಮ್ಮ ಹೊರಟಳು. ಹೊತ್ತವರು ಗಂಗಾಧರಯ್ಯನವರೊಬ್ಬರೇ ಎಂದು ಶಾಸ್ತ್ರ. ನಾಲ್ಕು ಗಟ್ಟಿಯಾಳುಗಳು ಎರಡೂ ಕಡೆ ಹಿಡಿದಿದ್ದರೆಂಬುದು ಸತ್ಯ. ಗೇಟಿನ ಹತ್ತಿರ ಬಂದಾಗ ಸರಿಯಾಗಿ ಗೇಟು ಬಿತ್ತು. ಅರಸೀಕೆರೆ ಕಡೆಯ ರೈಲು ಬರುವವರೆಗೆ, ತಲೆಯ ಮೇಲೆ ಕಂಬಿ ಹೊತ್ತು, ಬಿಸಿಲಲ್ಲಿ ಮೆರವಣಿಗೆ ನಿಂತಿತು. ರೈಲು ದಾಟುವಾಗ ಕಿಟಕಿಯಲ್ಲಿದ್ದವರು ಕೈಬೀಸಿದರು. ರೈಲ್ವೆಯೊಂದಿಗೆ ಆ ಮನೆತನಕ್ಕೆ ಅಷ್ಟು ಹತ್ತಿರದ ಸಂಬಂಧ ಅದಕ್ಕೆ ಮುಂಚೆ ಬೆಳೆದಿರಲಿಲ್ಲ.

ಹೊಸ ಮನೆಯ ಪಡಸಾಲೆಯಲ್ಲಿ, ಗ್ರಾನೈಟಿನ ನೇರ ಕೆಳಗೆ, ಟೈಲ್ಸ್ ಒಡೆದು ಅಮ್ಮನನ್ನು ನಿಲ್ಲಿಸಿದರು. ನಿಂಗಮ್ಮ ಗಾಜಿನ ಬೀರು ತೆಗೆದು, ಹಸಿರು ಬಾವುಟವನ್ನು ಕೊಡವಿ, ಅಮ್ಮನಿಗೆ ರವಿಕೆ ಕಣವೆಂದು ಉಡಿಸಿದಳು. ಎಷ್ಟೋ ವರ್ಷದ ಮೇಲೆ ಆ ಬಟ್ಟೆ ಮರ್ಯಾದೆಯ ಕೆಲಸಕ್ಕೆ ಬಂತು. ಮಾರನೆಯ ದಿನ ಸಾಲುಮನೆ ನೆಲಸಮವಾಯಿತು. ಕೃತಿಕಾ ಬಿದ್ದ ಅಟ್ಟದ ತೊಲೆಯ ಚೂರೊಂದನ್ನು ಮೂಸಿ ನೋಡಿದಳು. ಇನ್ನೂ ಕೊಬ್ಬರಿ ವಾಸನೆ ಹೊಡೆಯುತ್ತಿತ್ತು. ತಾತನ ಹೊಸಲು ತುಳಿಯಲು ಈಗ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಏಕೆಂದರೆ ಅದನ್ನು ಈಗ ಊರೆಲ್ಲ ತುಳಿಯುತ್ತಿತ್ತು.

ಮೊದಲ ಪರದ ದಿನವೇ, ಪಡಸಾಲೆಯಿಂದ ಬೀದಿಯವರೆಗೆ ಎಲೆ ಹಾಕಿ ಊರು ಉಣ್ಣುತ್ತಿದ್ದಾಗ, ಈ ಸಲದ ಜನಗಣತಿಯ ಮೇಡಂ ಯಮುನಾ ಮೊಬೈಲು ಹಿಡಿದುಕೊಂಡು ಬಂದಳು. ಮನೆಪಟ್ಟಿ ಮಾಡುವ ಕೆಲಸ, ಬಿಸಿಲಿಗೆ ಸುಸ್ತಾಗಿತ್ತು. ಕರ್ಪೂರ, ಗಂಟೆ, ಉಣ್ಣುವ ಪಂಕ್ತಿ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದಳು.

“ಈ ಕಟ್ಟಡದ ಉಪಯೋಗ, ದೇವಸ್ಥಾನ ಅಲ್ವಾ?”

“ಅಲ್ಲ ಮೇಡಂ, ಮನೆ,” ಎಂದರು ಪಾಯಸದ ಬಕೆಟ್ಟು ಹಿಡಿದ ಗಂಗಾಧರಯ್ಯನವರು.

“ಹಂಗಾದ್ರೆ ಇಲ್ಲಿ ವಾಸ ಇರೋರು ಯಾರು?”

ಉತ್ತರ ಪಂಕ್ತಿಯಿಂದ ಬಂತು. ಹುಚ್ಚರಂಗಯ್ಯ ಎಲೆಯಿಂದ ತಲೆಯೆತ್ತದೆ ಹೇಳಿದ: “ಮೇಲೆ ಬರೆದೈತಲ್ಲ ಓದ್ಕೊಳಿ ಮೇಡಂ. ಸ್ಟೇಷನ್ ಮಾಸ್ಟರ ಮನೆ. ಅವರು ಇರಲ್ಲ. ಡ್ಯೂಟಿ ಮೇಲೆ ಹೊರಗಿರ್ತಾರೆ.”

ಯಮುನಾ ತಲೆಯೆತ್ತಿ ಗ್ರಾನೈಟನ್ನು ಓದಿದಳು. ಆಮೇಲೆ ಗಂಗಾಧರಯ್ಯನವರ ಮುಖ ನೋಡಿದಳು. “ಹೌದಾ ಯಜಮಾನ್ರೇ? ನೀವೇ ಹೇಳ್ಬೇಕು. ಮಾಸ್ಟರ ಮನೆನಾ, ನಿಮ್ಮ ಮನೆನಾ?”

ಊರು ಉಣ್ಣುವುದನ್ನು ನಿಲ್ಲಿಸಿ ಕಾಯಿತು. ಗಂಗಾಧರಯ್ಯನವರು ಚಿನ್ನದ ಬಣ್ಣದ ಅಕ್ಷರಗಳನ್ನು ನೋಡಿದರು, ಕೆಳಗೆ ಕುಂಕುಮ ಮೆತ್ತಿದ ಅಮ್ಮನನ್ನು ನೋಡಿದರು, ಹೆಂಡತಿಯನ್ನು ಮಾತ್ರ ನೋಡಲಿಲ್ಲ.

“ಬರ್ಕೊಳಿ ಮೇಡಂ,” ಎಂದರು, “ನಾನು ಬಡಿಸೋನು.”

ಯಮುನಾ ಬರೆದುಕೊಂಡಳು. ಮನೆ ಒಂದು. ಖಾಲಿ.